ಜಾಝ್‌ಗೆ ಯಾವ ಊರು?

ಜಾಝ್ ರಸಿಕರು ನಾಲ್ವರು ಸೇರಿದರೆ ಎರಡು ಪ್ರಶ್ನೆಗಳು ಬಂದೇ ಬರುತ್ತವೆ. ನಿಮಗೆ ತೀರಾ ಪ್ರಿಯವಾದ ರೆಕಾರ್ಡು ಯಾವುದು ಎಂಬುದು ಒಂದು. ನೀವು ಯಾವ ಊರಿನ ಬಾನಿಯ ಕಡೆಯವರು ಎಂಬುದು ಇನ್ನೊಂದು. ನ್ಯೂ ಆರ್ಲಿಯನ್ಸ್, ಚಿಕಾಗೊ, ಕಾನ್ಸಸ್ ಸಿಟಿ, ನ್ಯೂಯಾರ್ಕ್, ಲಾಸ್ ಏಂಜಲೀಸ್ ಎಂದು ಅಮೆರಿಕದ ಊರುಗಳ ಹೆಸರಿನಲ್ಲೇ ಪಕ್ಷಗಳಿವೆ. ಪ್ಯಾರಿಸ್, ಕೇಪ್ ಟೌನ್, ಸ್ಟಾಕ್‌ಹೋಮ್, ಆಡಿಸ್ ಅಬಾಬಾಗಳಿಗೂ ಅಭಿಮಾನಿಗಳಿದ್ದಾರೆ. ಬಾನಿಗೆ ಊರಿನ ಹೆಸರಿಡುವುದು ನಮಗೇನೂ ಹೊಸದಲ್ಲ. ಉತ್ತರ ಪ್ರದೇಶದ ಒಂದು ಊರಿನ ಹೆಸರು ಹೊತ್ತ ಕಿರಾಣಾ ಘರಾಣೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರಲ್ಲಿ ಬೆಳೆದು ನಿಂತಿತು. ಹೆಸರು ಒಂದು ಕಡೆ, ಹಾಡು ಇನ್ನೊಂದು ಕಡೆ. ಜಾಝ್‌ನಲ್ಲಿ ಈ ಅಂತರ ಇನ್ನೂ ದೊಡ್ಡದು.

ನೂರು ವರ್ಷಗಳ ವಾದವನ್ನೆಲ್ಲ ಸೋಸಿದರೆ ನನಗೆ ಉಳಿಯುವ ತೀರ್ಮಾನ ಇದು: ಊರಿನ ಬಾನಿ ಎಂಬುದು ಖಂಡಿತ ಇದೆ, ಅದನ್ನು ಹುಟ್ಟಿಸಿದ್ದು ದಿನದ ದುಡಿಮೆ. ವಾದಕರಿಗೆ ರಾತ್ರಿಯಿಂದ ರಾತ್ರಿಗೆ ಒಂದೇ ಜನರೆದುರು, ಒಂದೇ ಜಾಗದಲ್ಲಿ ನುಡಿಸುವ ಕೆಲಸ ಸಿಕ್ಕ ಕಡೆ ಬಾನಿ ಬೆಳೆಯಿತು. ಕೆಲಸ ಹೋದಾಗ ವಾದಕರು ಗಂಟುಮೂಟೆ ಕಟ್ಟಿ ಊರು ಬಿಟ್ಟರು. ನಾವು ಎದೆಗೊತ್ತಿಕೊಳ್ಳುವ ರೆಕಾರ್ಡುಗಳು ಬಹುಪಾಲು ಆಮೇಲಿನವು, ಬೇರೆ ಊರಿನವು.

ನ್ಯೂ ಆರ್ಲಿಯನ್ಸನ್ನೇ ನೋಡೋಣ. ಆ ಊರಿನ ಸಂಗೀತ ಎಂದು ಮೊದಲು ಮಾರಾಟವಾದ ತಟ್ಟೆ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್ ಎಂಬ ಬಿಳಿಯರ ತಂಡದ್ದು. ಮುದ್ರಣವಾದದ್ದು 1917ರ ಫೆಬ್ರವರಿ 26ರಂದು, ನ್ಯೂಯಾರ್ಕಿನಲ್ಲಿ. ಟ್ರಾಂಬೋನ್ ವಾದಕ ಕಿಡ್ ಓರಿ ಅವರ ಕಪ್ಪು ವಾದಕರ ತಂಡ 1922ರಲ್ಲಿ ರೆಕಾರ್ಡಿಗೆ ಬಂತು, ಅದು ಲಾಸ್ ಏಂಜಲೀಸಿನಲ್ಲಿ. ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡ್ 1923ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಮುದ್ರಣಕ್ಕೆ ನಿಂತದ್ದು ಇಂಡಿಯಾನಾದ ರಿಚ್ಮಂಡ್ ಎಂಬ ಸಣ್ಣ ಪಟ್ಟಣದಲ್ಲಿ, ಪಿಯಾನೊ ತಯಾರಿಸುವ ಕಾರ್ಖಾನೆಯ ಆವರಣದ ಜೆನೆಟ್ ಕಂಪನಿಯ ಸ್ಟುಡಿಯೋದಲ್ಲಿ. ಪಕ್ಕದಲ್ಲೇ ರೈಲು ಹಳಿ. ಮೈಕ್ರೋಫೋನ್ ಇನ್ನೂ ಬಂದಿರಲಿಲ್ಲ, ದೊಡ್ಡ ಕಹಳೆಯಂಥ ಕೊಳವೆಯ ಎದುರು ಎಲ್ಲರೂ ನಿಂತು ನುಡಿಸಬೇಕು. ತಂಡದ ಎರಡನೆಯ ಕಾರ್ನೆಟ್ ವಾದಕರ ನಾದ ಎಷ್ಟು ಬಲವಾಗಿತ್ತೆಂದರೆ ಅವರನ್ನು ಎಲ್ಲರಿಂದ ದೂರ, ಹಿಂದೆ ನಿಲ್ಲಿಸಬೇಕಾಯಿತಂತೆ. ಅದೇ ತಂಡದ ಪಿಯಾನೊ ವಾದಕಿ ಲಿಲ್ ಹಾರ್ಡಿನ್ ಇದನ್ನು ಮುಂದೆ ಹೇಳಿಕೊಂಡಿದ್ದಾರೆ. ಹಿಂದೆ ನಿಂತವರು ಲೂಯಿ ಆರ್ಮ್‌ಸ್ಟ್ರಾಂಗ್. ಡ್ರಮ್ಸ್ ವಾದಕ ಬೇಬಿ ಡಾಡ್ಸ್ ತಮ್ಮ ಪೂರ್ಣ ಸರಂಜಾಮು ಬಿಟ್ಟು ಮರದ ತುಂಡುಗಳ ಮೇಲೆ ತಾಳ ಹಿಡಿದರು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಮೇಣದ ಮೇಲಿನ ಮುಳ್ಳು ಜಿಗಿಯುವ ಭಯವಿತ್ತು.

ಹೀಗೆ ಅರ್ಧ ವಾದ್ಯ ಬಿಟ್ಟು, ಗಂಟೆಗಟ್ಟಲೆ ಕುಣಿಸುವ ಸಂಗೀತವನ್ನು ಮೂರು ನಿಮಿಷಕ್ಕೆ ಮೊಟಕು ಮಾಡಿ, ಬೇರೆ ರಾಜ್ಯದಲ್ಲಿ ಹಿಡಿದಿಟ್ಟದ್ದನ್ನು ನಾವು ನ್ಯೂ ಆರ್ಲಿಯನ್ಸ್ ಎಂದು ಕೇಳುತ್ತೇವೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಕಾರ್ನೆಟ್ ಮುಖ್ಯ ರಾಗವನ್ನು ಹಿಡಿದರೆ ಕ್ಲಾರಿನೆಟ್ ಮೇಲೆ ಬಳ್ಳಿಯಂತೆ ಹಬ್ಬುವುದು, ಟ್ರಾಂಬೋನ್ ಕೆಳಗಿನಿಂದ ಸ್ವರಗಳನ್ನು ಜಾರಿಸಿ ಆಧಾರ ಕೊಡುವುದು, ಮೂವರೂ ಏಕಕಾಲಕ್ಕೆ ಮನೋಧರ್ಮ ತೋರಿದರೂ ಯಾರೂ ಯಾರ ದಾರಿಗೂ ಅಡ್ಡ ಬಾರದಿರುವುದು ಇವೆಲ್ಲ ಆ ಊರಿನ ಕಲಿಕೆಯೇ. ಅದು ಎಲ್ಲಿಂದ ಬಂತೆಂದರೆ ಕೆಲಸದಿಂದ. ಶವಯಾತ್ರೆಯಲ್ಲಿ ಸ್ಮಶಾನದವರೆಗೆ ನಿಧಾನದ ಭಕ್ತಿಗೀತೆ, ಮರಳುವಾಗ ಕುಣಿಸುವ ನಡೆ. ಮಾರ್ಡಿ ಗ್ರಾ ಹಬ್ಬದ ಮೆರವಣಿಗೆ. ಸಹಾಯಕ ಸಂಘಗಳ ವಾರ್ಷಿಕೋತ್ಸವ. ಸಂಜೆಯ ನೃತ್ಯಕೂಟಕ್ಕೆ ಜನ ಸೇರಿಸಲು ಹಗಲಲ್ಲಿ ಗಾಡಿಯೇರಿ ಬೀದಿ ಬೀದಿ ನುಡಿಸುವುದು. ಟ್ರಾಂಬೋನಿನ ಜಾರುಕೊಳವೆ ಉದ್ದ. ಅಕ್ಕಪಕ್ಕದವರಿಗೆ ತಾಗದಿರಲೆಂದು ಆ ವಾದಕರು ಗಾಡಿಯ ಹಿಂಬದಿಯ ಹಲಗೆಯ ಬಳಿ ಕೂರುತ್ತಿದ್ದರು. ಜಾರುಸ್ವರಗಳ ಆ ಟ್ರಾಂಬೋನ್ ಶೈಲಿಗೆ ಇವತ್ತಿಗೂ ಗಾಡಿಯ ಹಿಂಬಾಗಿಲಿನ ಹೆಸರೇ ಇದೆ.

ಇದನ್ನೆಲ್ಲ ಆರಂಭಿಸಿದವರೆಂದು ಹಿರಿಯ ವಾದಕರು ಒಕ್ಕೊರಲಿನಿಂದ ಹೆಸರಿಸುವ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ 1907ರಲ್ಲಿ ಮಾನಸಿಕ ಚಿಕಿತ್ಸಾಲಯ ಸೇರಿ, 1931ರಲ್ಲಿ ಅಲ್ಲೇ ತೀರಿಕೊಂಡರು. ಅವರ ಒಂದು ಸ್ವರವೂ ಯಾವ ತಟ್ಟೆಯಲ್ಲೂ ಇಲ್ಲ. ಜಾಝ್ ಇತಿಹಾಸದ ಬುನಾದಿಯಲ್ಲೇ ಇಂಥ ಮೌನವಿರುವಾಗ, ಅಚ್ಚ ನ್ಯೂ ಆರ್ಲಿಯನ್ಸ್ ಯಾವುದೆಂದು ಬೆರಳು ತೋರಿಸಿ ಹೇಳುವವರನ್ನು ನಂಬುವುದು ನನಗೆ ಕಷ್ಟ.

ಸ್ಟೋರಿವಿಲ್ ಎಂಬ ವೇಶ್ಯಾಕೇರಿಯನ್ನು ನೌಕಾಪಡೆಯ ಒತ್ತಾಯದಿಂದ 1917ರಲ್ಲಿ ಮುಚ್ಚಿದ್ದೇ ತಡ, ವಾದಕರೆಲ್ಲ ಮಿಸಿಸಿಪಿ ನದಿಯ ಮೇಲೆ ದೋಣಿ ಹತ್ತಿ ಚಿಕಾಗೊ ಸೇರಿದರು ಎಂಬ ಕಥೆ ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ. ಚಿಕಾಗೊ ಆ ನದಿಯ ದಡದಲ್ಲಿಲ್ಲ. ಜೆಲ್ಲಿ ರೋಲ್ ಮಾರ್ಟನ್‌ರಂಥವರು ಅದಕ್ಕೂ ಬಹಳ ಮೊದಲೇ ಊರು ಬಿಟ್ಟಿದ್ದರು. ಲಕ್ಷಗಟ್ಟಲೆ ಕಪ್ಪು ಜನ ದಕ್ಷಿಣದ ಹಿಂಸೆಯಿಂದ ತಪ್ಪಿಸಿಕೊಂಡು ಉತ್ತರದ ಕಾರ್ಖಾನೆಗಳಿಗೆ ರೈಲು ಹತ್ತಿದರು, ಕೇಳುಗರ ಹಿಂದೆ ವಾದಕರೂ ಹೋದರು. ಆರ್ಮ್‌ಸ್ಟ್ರಾಂಗ್ ಚಿಕಾಗೊದಲ್ಲಿ 1928ರ ಜೂನ್ 28ರಂದು ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಬಹಳ ರಸಿಕರ ಪಟ್ಟಿಯಲ್ಲಿ ಮೊದಲನೆಯದು. ವೆಸ್ಟ್ ಎಂಡ್ ಎಂಬುದು ನ್ಯೂ ಆರ್ಲಿಯನ್ಸಿನ ಕೆರೆಯಂಚಿನ ವಿಹಾರಸ್ಥಳ. ಊರು ಬಿಟ್ಟ ಆಲಿವರ್ ಅದನ್ನು ಕಟ್ಟಿದರು, ಊರು ಬಿಟ್ಟ ಆರ್ಮ್‌ಸ್ಟ್ರಾಂಗ್ ನುಡಿಸಿದರು. ಪಕ್ಕವಾದ್ಯವಿಲ್ಲದೆ ಒಂಟಿ ಟ್ರಂಪೆಟ್ ಹಾರಿ ಇಳಿಯುವ ಅದರ ಮೊದಲ ಕೆಲವು ಸೆಕೆಂಡುಗಳಲ್ಲಿ ಸಾಮೂಹಿಕ ವಾದನದ ಕಾಲ ಮುಗಿದು ಒಬ್ಬ ಕಲಾವಿದನ ಕಾಲ ಶುರುವಾಗುತ್ತದೆ. ಆ ಮುದ್ರಣ ನನಗೆ ಚಿಕಾಗೊದ್ದೂ ಹೌದು, ನ್ಯೂ ಆರ್ಲಿಯನ್ಸಿನದೂ ಹೌದು.

ರಸಿಕರು ಬರೀ ಕೇಳಿ ಸುಮ್ಮನಿದ್ದವರಲ್ಲ, ಬಾನಿಗಳನ್ನು ಕಟ್ಟಿದವರಲ್ಲಿ ಅವರೂ ಸೇರಿದ್ದಾರೆ. ಹಳೆಯ ತಟ್ಟೆಗಳನ್ನು ಹುಡುಕಿ ಸೇರಿಸುವ ಹವ್ಯಾಸಿಗಳು ಬರೆದ ‘ಜಾಝ್‌ಮೆನ್’ ಎಂಬ ಪುಸ್ತಕ 1939ರಲ್ಲಿ ಬಂತು. ಅದಕ್ಕಾಗಿ ಹಿರಿಯ ವಾದಕರನ್ನು ಹುಡುಕಿ ಹೊರಟಾಗ ಲೂಯಿಸಿಯಾನಾದ ಹೊಲಗದ್ದೆಗಳ ನಡುವೆ ಬಂಕ್ ಜಾನ್ಸನ್ ಎಂಬ ಹಳೆಯ ಟ್ರಂಪೆಟ್ ವಾದಕರು ಸಿಕ್ಕರು. ಹಲ್ಲು ಹೋಗಿ ನುಡಿಸುವುದು ನಿಂತಿತ್ತು. ಅಭಿಮಾನಿಗಳು ಹಣ ಸೇರಿಸಿ ಹಲ್ಲುಕಟ್ಟು ಹಾಕಿಸಿದರು, ಟ್ರಂಪೆಟ್ ಕೊಡಿಸಿದರು, 1942ರಲ್ಲಿ ನ್ಯೂ ಆರ್ಲಿಯನ್ಸಿನಲ್ಲೇ ರೆಕಾರ್ಡು ಮಾಡಿಸಿದರು. ಅದರಿಂದ ದೊಡ್ಡ ಪುನರುಜ್ಜೀವನವೇ ಆಯಿತು. ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ ಲೋಕಕ್ಕೆ ಗೊತ್ತಾದದ್ದು ಅಲ್ಲಿಂದ, 1961ರಲ್ಲಿ ಪ್ರಿಸರ್ವೇಶನ್ ಹಾಲ್ ತೆರೆದದ್ದೂ ಆ ಹುರುಪಿನಲ್ಲೇ. ಆದರೆ ಇದೇ ರಸಿಕರು ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿಯವರ ಹೊಸ ಸಂಗೀತವನ್ನು ಜಾಝ್ ಎಂದು ಒಪ್ಪಲಿಲ್ಲ. ಬಂಕ್ ಜಾನ್ಸನ್‌ರಿಗೆ ತಮ್ಮ ಕಾಲದ ಜನಪ್ರಿಯ ಹಾಡುಗಳನ್ನು ನುಡಿಸುವ ಆಸೆ. ಅಭಿಮಾನಿಗಳಿಗೆ ಅವರು 1910ರಲ್ಲೇ ಇರಬೇಕು ಎಂಬ ಹಟ. ಒಬ್ಬ ಕಲಾವಿದರಿಗೆ ಮರುಜೀವ ಕೊಟ್ಟವರೇ ಅವರು ಮುಂದೆ ನಡೆಯದಂತೆ ಕಾಲು ಕಟ್ಟಿದರು. ಪ್ರಾದೇಶಿಕ ಶುದ್ಧತೆಯ ಮಾತು ಬಂದಾಗಲೆಲ್ಲ ನನಗೆ ಈ ಅಪಾಯ ನೆನಪಾಗುತ್ತದೆ.

ದುಡಿಮೆಯೇ ಬಾನಿಯನ್ನು ಕಟ್ಟುತ್ತದೆ ಎಂಬುದಕ್ಕೆ ಕಾನ್ಸಸ್ ಸಿಟಿಗಿಂತ ಸ್ಪಷ್ಟವಾದ ಸಾಕ್ಷಿ ಇಲ್ಲ. ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿಯ ಹಿಡಿತದಲ್ಲಿದ್ದ ಆ ಊರಲ್ಲಿ ಪಾನನಿಷೇಧದ ವರ್ಷಗಳಲ್ಲೂ ಹೆಂಡ ಹರಿಯಿತು, ಜೂಜು ನಡೆಯಿತು, ಆರ್ಥಿಕ ಕುಸಿತದ ದಿನಗಳಲ್ಲೂ ಕ್ಲಬ್ಬುಗಳು ಬೆಳಗಿನವರೆಗೆ ತೆರೆದಿದ್ದವು. ಕ್ಲಬ್ಬು ಇದ್ದಷ್ಟು ಹೊತ್ತು ವಾದಕರಿಗೆ ಕೆಲಸ, ಕೆಲಸ ಮುಗಿದ ಮೇಲೆ ಪೈಪೋಟಿಯ ಜಾಮ್. ಒಬ್ಬ ವಾದಕ ಗಂಟೆಗಟ್ಟಲೆ ಮನೋಧರ್ಮ ಹರಿಸುವಾಗ ಉಳಿದವರು ಸುಮ್ಮನೆ ಕೂರುವಂತಿಲ್ಲ. ಹಿಂದಿನಿಂದ ನಾಲ್ಕೈದು ಸ್ವರಗಳ ಪುಟ್ಟ ತುಣುಕನ್ನು ಎಡೆಬಿಡದೆ ಹೇಳುತ್ತಾ ಕಾವು ಏರಿಸುವ ರಿಫ್ ಪದ್ಧತಿ ಹೀಗೆ ಹದಗೊಂಡಿತು. ಬರೆದಿಟ್ಟ ಹಾಳೆ ಬೇಡ, ಹನ್ನೆರಡು ಆವರ್ತದ ಬ್ಲೂಸ್ ಗೊತ್ತಿದ್ದರೆ ಸಾಕು. ಕೋಲ್ಮನ್ ಹಾಕಿನ್ಸ್ ನ್ಯೂಯಾರ್ಕಿನಿಂದ ಬಂದಾಗ ಲೆಸ್ಟರ್ ಯಂಗ್, ಬೆನ್ ವೆಬ್‌ಸ್ಟರ್, ಹರ್ಷೆಲ್ ಎವನ್ಸ್ ಸೇರಿ ಬೆಳಗಿನವರೆಗೆ ಅವರಿಗೆ ಎದುರು ನಿಂತ ಕಥೆಯನ್ನು ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಹೇಳಿದ್ದಾರೆ. ರಸಿಕರು ಅದನ್ನು ಪುರಾಣದಂತೆ ಹೇಳಿಕೊಳ್ಳುತ್ತಾರೆ.

ಕೌಂಟ್ ಬೇಸಿ ರೆನೋ ಕ್ಲಬ್ಬಿನಲ್ಲಿ ಒಂಬತ್ತು ಜನರ ತಂಡ ಕಟ್ಟಿ ನುಡಿಸುತ್ತಿದ್ದುದನ್ನು ಸ್ಥಳೀಯ ರೇಡಿಯೋ ಬಿತ್ತರಿಸುತ್ತಿತ್ತು. ಜಾನ್ ಹ್ಯಾಮಂಡ್ ಎಂಬ ಶ್ರೀಮಂತ ಅಭಿಮಾನಿ 1936ರಲ್ಲಿ ಚಿಕಾಗೊದಲ್ಲಿ ತಮ್ಮ ಕಾರಿನ ರೇಡಿಯೋದಲ್ಲಿ ಅದನ್ನು ಕೇಳಿ ಬೆರಗಾಗಿ ಓಡಿಬಂದರು. ಅಷ್ಟರಲ್ಲಿ ಡೆಕ್ಕಾ ಕಂಪನಿ 24 ಹಾಡುಗಳಿಗೆ ಬರೀ 750 ಡಾಲರ್ ಕೊಟ್ಟು, ರಾಯಧನದ ಮಾತೇ ಇಲ್ಲದ ಕರಾರಿಗೆ ಬೇಸಿಯವರ ಸಹಿ ಹಾಕಿಸಿಕೊಂಡಿತ್ತು. ಕಾನ್ಸಸ್ ಸಿಟಿಯ ಉಸಿರು ಎಂದು ನಾವು ಕೇಳುವ ‘ಒನ್ ಓ ಕ್ಲಾಕ್ ಜಂಪ್’ 1937ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣವಾಯಿತು. ಅದಕ್ಕಿಂತ ನನಗೆ ಪ್ರಿಯವಾದದ್ದು 1936ರಲ್ಲಿ ಚಿಕಾಗೊದಲ್ಲಿ ಐದೇ ಜನ ನುಡಿಸಿದ ‘ಲೇಡಿ ಬಿ ಗುಡ್’. ಲೆಸ್ಟರ್ ಯಂಗ್ ರೆಕಾರ್ಡಿಗೆ ಮೊದಲು ನುಡಿಸಿದ್ದು ಅಲ್ಲಿ. ವಾಲ್ಟರ್ ಪೇಜ್ ಬಾಸಿನಲ್ಲಿ ನಾಲ್ಕೂ ಮಾತ್ರೆ ಸಮನಾಗಿ ನಡೆಯುತ್ತಾರೆ, ಜೋ ಜೋನ್ಸ್ ದೊಡ್ಡ ಡ್ರಮ್ಮನ್ನು ಬಿಟ್ಟು ಜೋಡಿ ತಾಳದ ಮೇಲೆ ಲಯ ತೇಲಿಸುತ್ತಾರೆ, ಬೇಸಿ ಹತ್ತು ಸ್ವರ ಬೇಕಾದ ಕಡೆ ಎರಡಕ್ಕೇ ನಿಲ್ಲುತ್ತಾರೆ. ಪೆಂಡರ್‌ಗಾಸ್ಟ್ 1939ರಲ್ಲಿ ತೆರಿಗೆ ವಂಚನೆಗಾಗಿ ಜೈಲಿಗೆ ಹೋದ ಮೇಲೆ ಕ್ಲಬ್ಬುಗಳು ಒಂದೊಂದಾಗಿ ಮುಚ್ಚಿದವು. ಆ ಊರಿನ ಕೊನೆಯ ದೊಡ್ಡ ಪ್ರತಿಭೆ ಚಾರ್ಲಿ ಪಾರ್ಕರ್, ಜೇ ಮ್ಯಾಕ್‌ಶಾನ್ ತಂಡದ ಜೊತೆ 1941ರಲ್ಲಿ ಡಲ್ಲಾಸಿನಲ್ಲಿ ರೆಕಾರ್ಡು ಮಾಡಿ, ನ್ಯೂಯಾರ್ಕಿನ ದಾರಿ ಹಿಡಿದರು.

ಪಶ್ಚಿಮ ಕರಾವಳಿಯ ವಿಚಾರದಲ್ಲಿ ರಸಿಕರು ಇಂದಿಗೂ ಜಗಳ ಬಿಟ್ಟಿಲ್ಲ. ಜೆರಿ ಮಲಿಗನ್ ಅವರ ಪಿಯಾನೊ ಇಲ್ಲದ ಚತುಷ್ಟಯ 1952ರಲ್ಲಿ ಲಾಸ್ ಏಂಜಲೀಸಿನ ಹೇಗ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಹೆಸರು ಮಾಡಿತು. ತಂಪು, ಮೃದು, ಲೆಕ್ಕಾಚಾರದ ಆ ಸಂಗೀತಕ್ಕೆ ಕಡಲತೀರದ ಬಿಸಿಲಿನ ಮುಖಚಿತ್ರ ಹಾಕಿ ಕಂಪನಿಗಳು ವೆಸ್ಟ್ ಕೋಸ್ಟ್ ಜಾಝ್ ಎಂದು ಮಾರಿದವು. ಮಲಿಗನ್ ನ್ಯೂಯಾರ್ಕಿನಲ್ಲಿ ಹುಟ್ಟಿದವರು, ಅವರ ಜೊತೆಗಾರ ಚೆಟ್ ಬೇಕರ್ ಓಕ್ಲಹೋಮಾದವರು. ಲಾಸ್ ಏಂಜಲೀಸಿನದೇ ಆದ ಸೆಂಟ್ರಲ್ ಅವೆನ್ಯೂದಲ್ಲಿ ಡೆಕ್ಸ್‌ಟರ್ ಗಾರ್ಡನ್ ಮತ್ತು ವಾರ್ಡೆಲ್ ಗ್ರೇ ಟೆನರ್ ಸ್ಯಾಕ್ಸೋಫೋನುಗಳಲ್ಲಿ ಕುಸ್ತಿಗೆ ಬಿದ್ದಂತೆ ನುಡಿಸುತ್ತಿದ್ದರು. 1947ರ ‘ದಿ ಚೇಸ್’ ಕೇಳಿದರೆ ಅದರ ಬಿಸಿ ಗೊತ್ತಾಗುತ್ತದೆ. ಚಾರ್ಲ್ಸ್ ಮಿಂಗಸ್, ಎರಿಕ್ ಡಾಲ್ಫಿ ಬೆಳೆದದ್ದೂ ಅಲ್ಲೇ. ವಾದಕರ ಸಂಘವೇ 1953ರವರೆಗೆ ಬಿಳಿಯರಿಗೊಂದು ಕಪ್ಪುಜನರಿಗೊಂದು ಎಂದು ಎರಡಾಗಿತ್ತು. ಹಾಲಿವುಡ್ ಸ್ಟುಡಿಯೋಗಳ ಸಂಬಳದ ಕೆಲಸ, ಸ್ವರಲಿಪಿ ಓದಿ ಒಂದೇ ಸಲಕ್ಕೆ ನುಡಿಸುವ ಕೆಲಸ, ಬಿಳಿಯರ ಸಂಘಕ್ಕೆ ಸಿಗುತ್ತಿತ್ತು. ಆ ಶಿಸ್ತು ಅವರ ಜಾಝ್‌ನಲ್ಲೂ ಕೇಳಿಸುತ್ತದೆ. ಹಾಗಾಗಿ ಪಶ್ಚಿಮ ಕರಾವಳಿಯ ಬಾನಿ ಎಂಬುದು ಕಂಪನಿಗಳ ಕಟ್ಟುಕಥೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಾನಿ ಇತ್ತು. ಊರಿನ ಅರ್ಧ ಜನರನ್ನು ಹೊರಗಿಟ್ಟು ಅದಕ್ಕೆ ಇಡೀ ಕರಾವಳಿಯ ಹೆಸರು ಕೊಟ್ಟದ್ದು ಅನ್ಯಾಯ. ಈ ಕರಾವಳಿಯಿಂದ ಒಂದು ರೆಕಾರ್ಡು ಆರಿಸಬೇಕಾದರೆ ‘ಆರ್ಟ್ ಪೆಪ್ಪರ್ ಮೀಟ್ಸ್ ದಿ ರಿದಮ್ ಸೆಕ್ಷನ್’. 1957ರ ಜನವರಿಯ ಒಂದು ದಿನ ಈ ಕ್ಯಾಲಿಫೋರ್ನಿಯಾದ ಆಲ್ಟೊ ವಾದಕರು ಮೈಲ್ಸ್ ಡೇವಿಸ್ ಅವರ ಪೂರ್ವದ ಪಕ್ಕವಾದ್ಯಗಾರರ ಜೊತೆ ಕೂತರು. ಎರಡು ಕರಾವಳಿಗಳ ಗಡಿ ಎಲ್ಲಿದೆಯೆಂದು ಅದರಲ್ಲಿ ಹುಡುಕಿ ಸಿಕ್ಕದೆ ಸೋಲುವುದೇ ಸುಖ.

ಡೆಟ್ರಾಯಿಟ್ ಮತ್ತು ಫಿಲಡೆಲ್ಫಿಯಾಗಳ ಬಗ್ಗೆ ಇಷ್ಟು ಹೇಳಿದರೆ ಸಾಕು. ಡೆಟ್ರಾಯಿಟ್ಟಿನ ಬಲ ಅಲ್ಲಿನ ಸರ್ಕಾರಿ ಶಾಲೆಗಳ ಸಂಗೀತ ಪಾಠ. ಪಾಲ್ ಚೇಂಬರ್ಸ್, ರಾನ್ ಕಾರ್ಟರ್ ಇಬ್ಬರೂ ಕ್ಯಾಸ್ ಟೆಕ್ನಿಕಲ್ ಪ್ರೌಢಶಾಲೆಯವರು. ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ ಅವರ ಮನೆ ಇನ್ನೊಂದು ಪಾಠಶಾಲೆ. ಫಿಲಡೆಲ್ಫಿಯಾ ಕೊಲ್ಟ್ರೇನ್, ಲೀ ಮಾರ್ಗನ್, ಜಿಮ್ಮಿ ಸ್ಮಿತ್‌ರನ್ನು ಬೆಳೆಸಿತು. ಇವರೆಲ್ಲರ ಅನೇಕ ಪ್ರಸಿದ್ಧ ಮುದ್ರಣಗಳು ನ್ಯೂಜೆರ್ಸಿಯಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬ ಒಬ್ಬರೇ ತಂತ್ರಜ್ಞರ ಸ್ಟುಡಿಯೋದಲ್ಲಿ ಆದವು. ನ್ಯೂಯಾರ್ಕಿನ ನಾದ ಎಂದು ಲೋಕ ಒಪ್ಪಿಕೊಂಡ ಬ್ಲೂ ನೋಟ್ ಕಂಪನಿಯ ನಾದಕ್ಕೆ ಅರ್ಧ ಕಾರಣ ಆ ಕೋಣೆ.

ಅಟ್ಲಾಂಟಿಕ್ ದಾಟಿದರೆ ಪ್ರಶ್ನೆ ತಿರುವು ಪಡೆಯುತ್ತದೆ. ಪ್ಯಾರಿಸಿನ ಹಾಟ್ ಕ್ಲಬ್ ಮೂಲತಃ 1932ರಲ್ಲಿ ಹುಟ್ಟಿದ ಅಭಿಮಾನಿಗಳ ಸಂಘ. ಅದರ ಆಶ್ರಯದಲ್ಲಿ 1934ರಲ್ಲಿ ಜಾಂಗೊ ರೈನ್‌ಹಾರ್ಟ್ ಮತ್ತು ಸ್ಟೆಫಾನ್ ಗ್ರಾಪೆಲ್ಲಿಯವರ ಪಂಚವಾದ್ಯ ತಂಡ ರೂಪುಗೊಂಡಿತು. ಡ್ರಮ್ಸ್ ಇಲ್ಲ, ಗಾಳಿವಾದ್ಯ ಇಲ್ಲ. ಮೂರು ಗಿಟಾರು, ಒಂದು ಪಿಟೀಲು, ಒಂದು ಬಾಸ್. ಜಾಂಗೊ ಅಲೆಮಾರಿ ಮನೂಶ್ ಜನಾಂಗದವರು. 1928ರಲ್ಲಿ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಊನವಾದ ಮೇಲೆ ಉಳಿದ ಬೆರಳುಗಳಿಂದ ಹೊಸ ತಂತ್ರ ಕಟ್ಟಿಕೊಂಡರು. ಅವರ ‘ಮೈನರ್ ಸ್ವಿಂಗ್’ 1937ರದ್ದು. ಈ ಬಾನಿಯನ್ನು ಊರಿಗೆ ಕಟ್ಟಲಾಗದು. ಫ್ರಾನ್ಸ್, ಜರ್ಮನಿ, ಹಾಲೆಂಡ್‌ಗಳಲ್ಲಿ ಹರಡಿರುವ ಕುಟುಂಬಗಳಲ್ಲಿ ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಕೈಯಿಂದ ಕೈಗೆ ದಾಟಿ ಬಂದಿದೆ.

ನನ್ನ ತೀರ್ಮಾನಕ್ಕೆ ಒಗ್ಗದ ಉದಾಹರಣೆ ಸ್ವೀಡನ್ನಿನಲ್ಲಿದೆ. ಪಿಯಾನೊ ವಾದಕ ಯಾನ್ ಯೊಹಾನ್ಸನ್ ತಮ್ಮ ದೇಶದ ಹಳೆಯ ಜನಪದ ಧಾಟಿಗಳನ್ನು ಆರಿಸಿಕೊಂಡು, ಗೇಯಾರ್ಗ್ ರೀಡೆಲ್ ಅವರ ಬಾಸ್ ಒಂದನ್ನೇ ಜೊತೆಗಿಟ್ಟುಕೊಂಡು ನುಡಿಸಿದ ‘ಜಾಝ್ ಪೋ ಸ್ವೆನ್ಸ್ಕಾ’ 1964ರಲ್ಲಿ ಬಂತು. ಸ್ವೀಡನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಜಾಝ್ ರೆಕಾರ್ಡುಗಳಲ್ಲಿ ಅದೂ ಒಂದು. ಇಲ್ಲಿ ನೃತ್ಯಮಂದಿರವೂ ಇಲ್ಲ, ರಾತ್ರಿಯ ದುಡಿಮೆಯೂ ಇಲ್ಲ. ಸಂಗ್ರಹದ ಪುಸ್ತಕ ತೆರೆದು ಒಬ್ಬರು ಮಾಡಿದ ಆಯ್ಕೆ. ಪ್ರದೇಶ ಎಂಬುದನ್ನು ಹೀಗೆ ಬೇಕೆಂದೇ ಕೈಗೆತ್ತಿಕೊಳ್ಳಬಹುದು ಎಂದು ಆ ರೆಕಾರ್ಡು ತೋರಿಸಿತು. ಮುಂದೆ ನಾರ್ವೆಯ ಯಾನ್ ಗಾರ್ಬಾರೆಕ್ ಮೊದಲಾದವರು ನಡೆದ ದಾರಿ ಅದೇ. ಬೋಸ್ಟನ್ನಿನ ಬರ್ಕ್ಲಿಯಲ್ಲಿ ಓದಿ ತಮ್ಮ ನಾಡಿನ ಐದು ಸ್ವರಗಳ ಮೇಳಗಳಿಗೆ ಜಾಝ್ ಹೊಂದಿಸಿದ ಇಥಿಯೋಪಿಯಾದ ಮುಲಾತು ಅಸ್ತಾತ್ಕೆಯವರದ್ದೂ ಇಂಥದೇ ಆಯ್ಕೆ.

ದಕ್ಷಿಣ ಆಫ್ರಿಕಾದ ಮಾತೇ ಬೇರೆ. ಅಲ್ಲಿ ಊರು ಎಂಬುದೇ ಸರ್ಕಾರ ಕಿತ್ತುಕೊಂಡ ವಸ್ತು. ಕೇಪ್ ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿ, ತಲೆಮಾರುಗಳಿಂದ ಅಲ್ಲಿದ್ದ ಜನರನ್ನು ಎಬ್ಬಿಸಿ ಊರಾಚೆಯ ಮರಳುಬಯಲಿಗೆ ಅಟ್ಟಿದರು. ಆ ಬಯಲಿನ ಹೊಸ ಬಡಾವಣೆಗಳಲ್ಲಿ ಒಂದು ಮ್ಯಾನೆನ್‌ಬರ್ಗ್. ಡಾಲರ್ ಬ್ರಾಂಡ್ ಎಂದು ಹೆಸರಾಗಿ, ಇಸ್ಲಾಂ ಸ್ವೀಕರಿಸಿದ ಮೇಲೆ ಅಬ್ದುಲ್ಲಾ ಇಬ್ರಾಹಿಂ ಆದ ಪಿಯಾನೊ ವಾದಕರು 1960ರಲ್ಲಿ ಹ್ಯೂ ಮಸೆಕೆಲಾ, ಕಿಪ್ಪಿ ಮುಕೆಟ್ಸಿ ಮೊದಲಾದವರ ಜೊತೆ ಜಾಝ್ ಎಪಿಸಲ್ಸ್ ತಂಡದಲ್ಲಿ ನುಡಿಸಿದ್ದವರು. ಅಲ್ಲಿನ ಕಪ್ಪು ಜಾಝ್ ವಾದಕರ ಮೊದಲ ಎಲ್‌ಪಿ ಆ ತಂಡದ್ದು. ಅದೇ ವರ್ಷ ಮಾರ್ಚಿನಲ್ಲಿ ಶಾರ್ಪ್‌ವಿಲ್ ಹತ್ಯಾಕಾಂಡವಾಯಿತು, ಸಭೆ ಸೇರುವುದೇ ಅಪರಾಧವಾಯಿತು, ವಾದಕರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಇಬ್ರಾಹಿಂ ಜೂರಿಕ್‌ಗೆ ಹೋದರು. 1963ರಲ್ಲಿ ಡ್ಯೂಕ್ ಎಲಿಂಗ್ಟನ್ ಇಬ್ರಾಹಿಂರ ವಾದನವನ್ನು ಅಲ್ಲಿ ಕೇಳಿ, ಪ್ಯಾರಿಸಿನಲ್ಲಿ ರೆಕಾರ್ಡು ಮಾಡಿಸಿದರು.

ಹನ್ನೊಂದು ವರ್ಷದ ನಂತರ, 1974ರಲ್ಲಿ, ಊರಿಗೆ ಮರಳಿದ್ದ ಇಬ್ರಾಹಿಂ ಕೇಪ್ ಟೌನಿನ ಸ್ಟುಡಿಯೋದಲ್ಲೇ ಬೇಸಿಲ್ ಕುಟ್ಸಿಯಾ, ರಾಬಿ ಜಾನ್ಸೆನ್ ಮೊದಲಾದ ಸ್ಥಳೀಯರ ಜೊತೆ ‘ಮ್ಯಾನೆನ್‌ಬರ್ಗ್’ ನುಡಿಸಿದರು. 13 ನಿಮಿಷ ಮೀರಿದ ಒಂದೇ ಚೀಜು ತಟ್ಟೆಯ ಒಂದು ಮಗ್ಗುಲನ್ನು ತುಂಬಿತು. ಹಳೆಯ ಮರಾಬಿ ಕುಣಿತದ ಮುಗಿಯದೆ ಸುತ್ತುವ ಸ್ವರಮೇಳ, ಚರ್ಚಿನ ಪ್ರಾರ್ಥನೆಯ ಗಂಭೀರ ನಡೆ, ಕೇಪ್ ಟೌನಿನ ಹೊಸವರ್ಷದ ಉತ್ಸವದ ಲಯ ಎಲ್ಲವೂ ಅದರಲ್ಲಿ ಸೇರಿವೆ. ಅವಸರವೇ ಇಲ್ಲ. ಕುಟ್ಸಿಯಾ ಅವರ ಟೆನರ್ ಸ್ಯಾಕ್ಸೋಫೋನ್ ಒಳಬರುವಾಗ ಬಲ್ಲವರೊಬ್ಬರು ಮನೆ ಬಾಗಿಲು ತಳ್ಳಿ ಬಂದ ಹಾಗಿರುತ್ತದೆ. ಮಾತಿಲ್ಲದ ಈ ವಾದ್ಯಸಂಗೀತ ವರ್ಣಭೇದದ ವಿರುದ್ಧದ ಸಭೆಗಳಲ್ಲಿ ನಾಡಗೀತೆಯ ಹಾಗೆ ಮೊಳಗಿತು. ಪ್ರಾದೇಶಿಕ ಜಾಝ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳಿಸುವುದು ಇದನ್ನೇ. ಆ ಊರಿನ ಜನ, ಆ ಊರಿನ ಸ್ಟುಡಿಯೋ, ಆ ಊರಿನ ನೋವು ಮೂರೂ ಒಂದೇ ಕಡೆ ಸೇರಿದ ಮುದ್ರಣ ಜಾಝ್‌ನಲ್ಲಿ ಬಲು ವಿರಳ.

ಮೆಚ್ಚಿನ ರೆಕಾರ್ಡೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸನ್ನಿ ಕ್ಲಾರ್ಕ್ ಎಂಬ ಪಿಯಾನೊ ವಾದಕ 1963ರಲ್ಲಿ 31ನೆಯ ವಯಸ್ಸಿಗೇ ತೀರಿಕೊಂಡರು. ಅವರ 1958ರ ‘ಕೂಲ್ ಸ್ಟ್ರಟಿನ್’ ಅಮೆರಿಕದಲ್ಲಿ ಹೆಚ್ಚು ಸದ್ದು ಮಾಡಲಿಲ್ಲ. ಜಪಾನಿನಲ್ಲಿ ಅದು ಮನೆಮಾತು. ಯುದ್ಧಾನಂತರದ ವರ್ಷಗಳಲ್ಲಿ ಆಮದು ತಟ್ಟೆಗಳ ಬೆಲೆ ವಿದ್ಯಾರ್ಥಿಗಳ ಕೈಗೆ ಎಟುಕುತ್ತಿರಲಿಲ್ಲ. ಕಾಫಿಯೊಂದರ ದುಡ್ಡಿಗೆ ಗಂಟೆಗಟ್ಟಲೆ ಕೂತು ದೊಡ್ಡ ಸ್ಪೀಕರುಗಳ ಎದುರು ಮೌನವಾಗಿ ಕೇಳುವ ಜಾಝ್ ಕಿಸ್ಸಾ ಎಂಬ ಅಂಗಡಿಗಳು ಅದಕ್ಕೇ ಹುಟ್ಟಿದವು. ಅಲ್ಲಿನ ಕೇಳುಗರ ಆಯ್ಕೆ ಅಮೆರಿಕದ ವಿಮರ್ಶಕರದ್ದಲ್ಲ. ಅಮೆರಿಕದ ಅಂಗಡಿಗಳಿಂದಲೇ ಮಾಯವಾಗಿದ್ದ ಎಷ್ಟೋ ರೆಕಾರ್ಡುಗಳು ಈ ಪ್ರೀತಿಯಿಂದಾಗಿ ಜಪಾನಿನಲ್ಲಿ ಮರುಮುದ್ರಣ ಕಂಡವು.

ನಮ್ಮಲ್ಲಿಗೆ ಬಂದರೆ, ಮುಂಬೈಯ ತಾಜ್ ಹೋಟೆಲಿನಲ್ಲಿ ಲಿಯಾನ್ ಆಬಿಯವರ ಕಪ್ಪು ಅಮೆರಿಕನ್ ತಂಡ 1935ರಲ್ಲಿ ನುಡಿಸಿತು. ಗೋವಾದ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಕಲಿತಿದ್ದ ಫ್ರಾಂಕ್ ಫೆರ್ನಾಂಡ್, ಚಿಕ್ ಚಾಕಲೇಟ್ ಎಂದೇ ಖ್ಯಾತರಾದ ಆಂಟೋನಿಯೊ ಷೇವಿಯರ್ ವಾಝ್‌ರಂಥವರು ಆ ವಾದಕರಿಂದ ಕಲಿತು ತಮ್ಮ ತಂಡ ಕಟ್ಟಿದರು. ಸ್ವಾತಂತ್ರ್ಯಾನಂತರ ಹೋಟೆಲು ಕ್ಲಬ್ಬುಗಳ ಕೆಲಸ ಕಡಿಮೆಯಾಗುತ್ತಿದ್ದಂತೆ ಹಿಂದಿ ಚಿತ್ರಗಳ ವಾದ್ಯವೃಂದ ಕೈಬೀಸಿ ಕರೆಯಿತು. 1951ರ ‘ಅಲ್ಬೇಲಾ’ ಚಿತ್ರದ ಕುಣಿತದ ಹಾಡಿನಲ್ಲಿ ಚಿಕ್ ಚಾಕಲೇಟ್ ತಂಡವೇ ತೆರೆಯ ಮೇಲೆ ಕಾಣುತ್ತದೆ. ಮುಂಬೈಯ ಜಾಝ್ ಬಾನಿಯನ್ನು ಪ್ರತ್ಯೇಕ ತಟ್ಟೆಗಳಿಗಿಂತ ಚಿತ್ರಗೀತೆಗಳ ಪೂರ್ವಸಂಗೀತದಲ್ಲಿ ಹುಡುಕಬೇಕು.

ಕರ್ನಾಟಕದ ಪಾಲು ಇನ್ನೊಂದು ಬಾಗಿಲಿನಿಂದ ಬಂತು. ಬಂಟ್ವಾಳ ತಾಲೂಕಿನ ಸಜೀಪಮೂಡದ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾಗಿ, ಗಮಕ ಹೊರಡದ ಆ ವಾದ್ಯದ ಕೀಲಿಗಳನ್ನೇ ಮಾರ್ಪಡಿಸಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರ ಮುಂಬೈ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದ್ದು ಅವರಿಗೆ ಜಾಝ್ ಲೋಕದ ಬಾಗಿಲು ತೆರೆಯಿತು. ಇತ್ತ ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಬೋಸ್ಟನ್ ಮೂಲದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ರೆಕಾರ್ಡನ್ನು ಹೊರತಂದಿತು. ಜರ್ಮನಿಯ ಇಸಿಎಂ ಕಂಪನಿಯದು. ಮಾರಿಯಾನೊ ಸಾಧಾರಣ ಅತಿಥಿಯಲ್ಲ, ಮಿಂಗಸ್ ಅವರ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ನುಡಿಸಿದವರು, ನಾಗಸ್ವರವನ್ನೂ ಅಭ್ಯಾಸ ಮಾಡಿದವರು. ‘ಜ್ಯೋತಿ’ಯಲ್ಲಿ ಆರ್.ಎ. ರಮಾಮಣಿಯವರ ಕಂಠ ಮುಂದೆ ನಡೆಯುತ್ತದೆ. ಸ್ಯಾಕ್ಸೋಫೋನ್ ಅದರ ನೆರಳನ್ನು ಹಿಡಿದು ಬರುತ್ತದೆ. ಎರಡು ಸಂಗೀತಗಳನ್ನು ಹೊಲಿದು ಜೋಡಿಸುವ ಪ್ರಯತ್ನಗಳಲ್ಲಿ ಬಹಳಷ್ಟು ಬೇಗ ಹಳತಾಗುತ್ತವೆ, ಇದು ಹಳತಾಗಿಲ್ಲ. ಕಾರಣ, ಮಾರಿಯಾನೊ ಮೊದಲು ಕೇಳುವುದನ್ನು ಕಲಿತಿದ್ದರು.

ಭಾರತೀಯ ದಂಪತಿಯ ಮಗನಾಗಿ ಇಟಲಿಯಲ್ಲಿ ಹುಟ್ಟಿ ಕೊಲೊರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅಮೆರಿಕದ ಇಂದಿನ ಮುಖ್ಯ ಆಲ್ಟೊ ವಾದಕರಲ್ಲೊಬ್ಬರು. ಓದುವ ದಿನಗಳಲ್ಲಿ ಅವರ ಅಣ್ಣ ತಮಾಷೆಗೆಂದು ಕೊಟ್ಟ ಕದ್ರಿಯವರ ಒಂದು ಸಿ.ಡಿ. ಅವರ ದಾರಿಯನ್ನು ತಿರುಗಿಸಿತು. ಮಹಾಂತಪ್ಪ, ಕದ್ರಿ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂತು, ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರ್ ಶ್ರೀಜಿ. ಕದ್ರಿಯವರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಕನ್ನಡ ನಾಡಿನ ಜಾಝ್ ರಸಿಕರು ಯಾವ ಊರಿನ ಪಕ್ಷ ಎಂಬ ಪ್ರಶ್ನೆಗೆ ಇಲ್ಲಿಂದ ಉತ್ತರ ಹುಡುಕಲು ಹೊರಟರೆ ನನಗೆ ಸಂತೋಷ.

ಮೊಬೈಲಿನಲ್ಲಿ ಹಾಡು ಕೇಳುವ ಈ ಕಾಲದಲ್ಲಿ ಒಂದು ನಷ್ಟವಾಗಿದೆ. ಎಲ್‌ಪಿಯ ಹಿಂಬದಿಯಲ್ಲಿ ಇರುತ್ತಿದ್ದ ವಾದಕರ ಹೆಸರು, ಮುದ್ರಣದ ತಾರೀಕು, ಊರು, ಸ್ಟುಡಿಯೋ ಈಗಿನ ಪರದೆಯ ಮೇಲೆ ಬಹುಪಾಲು ಕಾಣುವುದಿಲ್ಲ. 1936ರಲ್ಲಿ ಫ್ರಾನ್ಸಿನ ಶಾರ್ಲ್ ದೆಲೋನೆ ಹಾಟ್ ಡಿಸ್ಕೋಗ್ರಫಿ ಎಂಬ ಪಟ್ಟಿಯನ್ನು ಹೊರತಂದ ದಿನದಿಂದ ಹವ್ಯಾಸಿಗಳು ಈ ವಿವರಗಳನ್ನು ತಮ್ಮ ಕೈದುಡ್ಡು ಹಾಕಿ ಸೇರಿಸಿದ್ದಾರೆ. ಅವು ಇಲ್ಲದಿದ್ದರೆ ಯಾವ ಬಾನಿ ಯಾವ ಊರಿನದೆಂಬ ಚರ್ಚೆಗೆ ನೆಲೆಯೇ ಇರದು. ಜಾಝ್ ಕೇಳಲು ಹೊರಡುವ ಓದುಗರಲ್ಲಿ ನನ್ನ ಬೇಡಿಕೆ ಇದೊಂದೇ: ಹಾಡು ಇಷ್ಟವಾದರೆ ಅದು ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಆಯಿತೆಂದು ಹುಡುಕಿ ಬರೆದಿಟ್ಟುಕೊಳ್ಳಿ.

ನನ್ನ ಆಯ್ಕೆಯನ್ನೂ ಹೇಳಿಬಿಡುತ್ತೇನೆ. 1927ರಲ್ಲಿ ಕೊಲಂಬಿಯಾ ಕಂಪನಿಯವರು ಯಂತ್ರಗಳನ್ನು ಹೊತ್ತು ನ್ಯೂ ಆರ್ಲಿಯನ್ಸಿಗೇ ಬಂದು, ಊರು ಬಿಡದೆ ಉಳಿದಿದ್ದ ಸ್ಯಾಮ್ ಮಾರ್ಗನ್ ತಂಡದ ಎಂಟು ಹಾಡುಗಳನ್ನು ಮುದ್ರಿಸಿದರು. ಚರ್ಚಿನ ಭಕ್ತಿಗೀತೆಗಳನ್ನು ಕುಣಿತದ ನಡೆಗೆ ತಂದ ಹಾಡುಗಳು ಅದರಲ್ಲಿವೆ. ಟ್ರಾಂಬೋನ್ ಜಿಮ್ ರಾಬಿನ್ಸನ್ ಅವರದು. ಮುಂದೆ ಬಂಕ್ ಜಾನ್ಸನ್, ಜಾರ್ಜ್ ಲೂಯಿಸ್ ಇಬ್ಬರ ಜೊತೆಗೂ ನುಡಿಸಿದವರು ಅವರೇ. ಆರ್ಮ್‌ಸ್ಟ್ರಾಂಗರಂಥ ಮೇಧಾವಿ ಆ ತಂಡದಲ್ಲಿ ಯಾರೂ ಇಲ್ಲ. ಆದರೂ ಒಂದು ಊರಿನ ದುಡಿಯುವ ವಾದಕರು ತಮ್ಮ ಜನರನ್ನು ಹೇಗೆ ಕುಣಿಸುತ್ತಿದ್ದರು ಎಂಬುದಕ್ಕೆ ಆ ಎಂಟು ಹಾಡುಗಳಿಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕೇಳಿಲ್ಲ. ‘ಬೊಗಾಲೂಸಾ ಸ್ಟ್ರಟ್’ನಿಂದ ಆರಂಭಿಸಿ.